ಗಾರ್ಮನ್ ತತ್ವಶಾಸ್ತ್ರ ಹೇಗೆ ಕಲಿಸುತ್ತಿದ್ದರು? ಇಪ್ಪತ್ತು ಮಂದಿಯ ನನ್ನ ಡಿಗ್ರಿ ತರಗತಿಯಲ್ಲಿ ಅದು ನಡೆಯುತ್ತದೆಯೇ?

ನಡೆಯುತ್ತದೆ. ಆದರೆ ಇಡೀ ಸೆಮಿಸ್ಟರಿಗೆ ಬೇಡ, ಒಂದು ಘಟಕಕ್ಕೆ ಸಾಕು.

ಚಾರ್ಲ್ಸ್ ಎಡ್ವರ್ಡ್ ಗಾರ್ಮನ್ (1850–1907) ಅಮೆರಿಕದ ಆಮ್‌ಹರ್ಸ್ಟ್ ಎಂಬ ಸಣ್ಣ ಕಾಲೇಜಿನಲ್ಲಿ 1880ರಿಂದ ಕೊನೆಯವರೆಗೂ ಪಾಠ ಹೇಳಿದವರು. ಪ್ರಕಟಿಸಿದ್ದು ತೀರಾ ಕಡಿಮೆ. ಹಾಗಿದ್ದೂ 1906ರಲ್ಲಿ ಹಳೆಯ ಶಿಷ್ಯರು ತಮ್ಮ ಲೇಖನಗಳ ಸಂಪುಟವೊಂದನ್ನು ಅವರಿಗೆ ಅರ್ಪಿಸಿದರು. ಅಮೆರಿಕದ ಅಧ್ಯಕ್ಷರಾಗಿದ್ದ ಶಿಷ್ಯ ಕ್ಯಾಲ್ವಿನ್ ಕೂಲಿಜ್ 1929ರ ಆತ್ಮಕಥೆಯಲ್ಲಿ ಅವರ ಬಗ್ಗೆ ಭಕ್ತಿಯಿಂದಲೇ ಬರೆದಿದ್ದಾರೆ.

ಪಠ್ಯಪುಸ್ತಕ ಕೈಯಲ್ಲಿದ್ದರೆ ಪ್ರಶ್ನೆ ಅರ್ಥವಾಗುವ ಮೊದಲೇ ಹುಡುಗರು ಉತ್ತರದ ಪುಟ ತಿರುವುತ್ತಾರೆ. ಅದಕ್ಕೇ ಗಾರ್ಮನ್ ತಾವೇ ಬರೆದ ಕಿರುಹೊತ್ತಗೆಗಳನ್ನು ಅಚ್ಚು ಮಾಡಿ ಒಂದೊಂದಾಗಿ ಹಂಚುತ್ತಿದ್ದರು. ಮೊದಲು ಸಮಸ್ಯೆ, ಆಮೇಲೆ ಒಂದು ಪಕ್ಷದ ಬಲವಾದ ವಾದ, ಅದಕ್ಕೆ ಉತ್ತರ ಬರುವುದು ಇನ್ನೂ ತಡವಾಗಿ. ಪೂರ್ವಪಕ್ಷ (ಎದುರಾಳಿಯ ವಾದ), ಸಿದ್ಧಾಂತ (ಅದಕ್ಕೆ ಉತ್ತರ ಕೊಟ್ಟು ನಿಲ್ಲಿಸುವ ತೀರ್ಮಾನ) ಎಂಬ ಕ್ರಮ ನಮಗೆ ಹೊಸದಲ್ಲ. ಆ ಎರಡರ ನಡುವೆ ಅವರು ಬಿಡುತ್ತಿದ್ದ ದಿನಗಳಿವೆಯಲ್ಲ, ನನ್ನ ಪ್ರಕಾರ ಕಲಿಕೆ ಆಗುತ್ತಿದ್ದದ್ದು ಅಲ್ಲಿಯೇ.

ಇಚ್ಛಾ ಸ್ವಾತಂತ್ರ್ಯದ ಪಾಠ ತೆಗೆದುಕೊಳ್ಳಿ, ಅಂದರೆ ನಾವು ಮಾಡುವುದು ನಿಜಕ್ಕೂ ನಮ್ಮದೇ ಆಯ್ಕೆಯೇ ಎಂಬ ಪ್ರಶ್ನೆ. ಒಂದೊಂದು ಪುಟದ ಮೂರು ಹಾಳೆ ತಯಾರಿಸಿ. ಮೊದಲನೆಯದರಲ್ಲಿ ಎರಡೇ ಪ್ರಸಂಗ: ಕುಡಿದು ಗಾಡಿ ಓಡಿಸಿ ಒಬ್ಬರಿಗೆ ಗುದ್ದಿದವನು, ನಿದ್ದೆಯಲ್ಲಿ ನಡೆದು ಒಬ್ಬರನ್ನು ಬೀಳಿಸಿದವನು. ಯಾರದು ತಪ್ಪು, ಯಾಕೆ? ದಾರ್ಶನಿಕರ ಹೆಸರು ಹಾಕಬೇಡಿ, ಹಾಕಿದರೆ ಮೊಬೈಲಿನಲ್ಲಿ ಹುಡುಕಿ ಮುಗಿಸುತ್ತಾರೆ. ಚರ್ಚೆಗೆ ಮೊದಲು ಹದಿನೈದು ನಿಮಿಷ ಬರೆಸಿ, ಬರೆದದ್ದನ್ನು ವಾಪಸ್ ತೆಗೆದುಕೊಳ್ಳಿ. ಬರೆಸದೆ ಚರ್ಚೆ ಶುರು ಮಾಡಿದರೆ ಮುಂದಿನ ಬೆಂಚಿನ ಇಬ್ಬರು ಮಾತಾಡುತ್ತಾರೆ, ಉಳಿದವರು ಅವರ ಅಭಿಪ್ರಾಯವನ್ನೇ ಎರವಲು ಪಡೆಯುತ್ತಾರೆ.

ಎರಡನೇ ಹಾಳೆಯಲ್ಲಿ ನಿಯತಿವಾದ: ಪ್ರತಿ ಕೃತ್ಯಕ್ಕೂ ಹಿಂದಿನ ಕಾರಣವಿದೆ, ಆದ್ದರಿಂದ ಆಯ್ಕೆ ಎಂಬುದಿಲ್ಲ. ಹೆಚ್ಚಾಗಿ ಕೆಡುವುದು ಈ ಹಂತದಲ್ಲೇ. ಖಂಡಿಸಲು ಸುಲಭವಾಗಲಿ ಎಂದು ಮೇಷ್ಟ್ರು ವಾದವನ್ನು ಸಡಿಲವಾಗಿ ಬರೆದಿರುತ್ತಾರೆ, ಹುಡುಗರಿಗೆ ಅದು ತಕ್ಷಣ ಗೊತ್ತಾಗುತ್ತದೆ. ನಿಮಗೇ ಉತ್ತರ ಹೊಳೆಯಲು ಒಂದು ದಿನ ಹಿಡಿಯುವಷ್ಟು ಬಿಗಿಯಾಗಿ ಬರೆಯಿರಿ. ಮೂರು ತರಗತಿಗಳವರೆಗೆ ನಿಮ್ಮ ನಿಲುವಿನ ಸುಳಿವು ಕೊಡಬೇಡಿ. "ಸರ್, ಸರಿ ಉತ್ತರ ಯಾವುದು?" ಎಂದರೆ, "ಈ ವಾದದ ಯಾವ ವಾಕ್ಯವನ್ನು ನೀವು ಒಪ್ಪುವುದಿಲ್ಲ?" ಎಂದು ಕೇಳಿ. ಆಮೇಲೆ ಆ ವಾದಕ್ಕೆ ಉತ್ತರವಿರುವ ಮೂರನೇ ಹಾಳೆ ಕೊಡಿ.

ಹಾಳೆಗಳ ಮೇಲೆ 1/3, 2/3 ಎಂದು ಗುರುತು ಹಾಕಿ. ಇಲ್ಲದಿದ್ದರೆ ಎರಡನೆಯದನ್ನಷ್ಟೇ ಓದಿ ರಜೆ ಹಾಕಿದವರು ಅದೇ ನಿಮ್ಮ ಮತವೆಂದು ಊರಿಗೆಲ್ಲ ಹೇಳುತ್ತಾರೆ. ಸೀನಿಯರುಗಳ ಮೂರನೇ ಹಾಳೆ ವಾಟ್ಸಾಪಿನಲ್ಲಿ ಓಡಾಡುವುದರಿಂದ ಪ್ರಸಂಗಗಳನ್ನು ವರ್ಷಕ್ಕೊಮ್ಮೆ ಬದಲಿಸಿ.

ಅಂಕ ಕೊಡುವಾಗ ತೀರ್ಮಾನ ನೋಡಬೇಡಿ. ಹತ್ತರಲ್ಲಿ ಐದು, ಎದುರು ಪಕ್ಷದವರೂ ಒಪ್ಪುವಂತೆ ಅವರ ವಾದ ಹೇಳಿದ್ದಕ್ಕೆ. ಐದು, ಅದಕ್ಕೆ ಕೊಟ್ಟ ಉತ್ತರಕ್ಕೆ. ವಿಶ್ವವಿದ್ಯಾಲಯದ ಪರೀಕ್ಷೆ ಹೆಸರು, ವ್ಯಾಖ್ಯೆಗಳನ್ನೇ ಕೇಳುತ್ತದೆ. ಹಾಗಾಗಿ ಕೊನೆಯ ಒಂದು ತರಗತಿಯಲ್ಲಿ ಹುಡುಗರೇ ಕಟ್ಟಿದ ವಾದಗಳ ಪಕ್ಕಕ್ಕೆ ದಾರ್ಶನಿಕರ ಹೆಸರು ಬರೆಸಿಬಿಡಿ.