ಧನುಷ್ಕೋಡಿಯಲ್ಲಿ ನಿಜವಾಗಿಯೂ ರೈಲು ನಿಲ್ದಾಣವಿತ್ತೇ? ಅದು ಏನಾಯಿತು?

ಇತ್ತು, ಅದೂ ಬಹಳ ಮುಖ್ಯವಾದ ನಿಲ್ದಾಣ. 1914ರಲ್ಲಿ ರಾಮೇಶ್ವರ ದ್ವೀಪವನ್ನು ಮುಖ್ಯ ಭೂಭಾಗಕ್ಕೆ ಜೋಡಿಸಿದ ಪಾಂಬನ್ ರೈಲು ಸೇತುವೆ ತೆರೆದ ಮೇಲೆ, ಮದ್ರಾಸಿನಿಂದ ಬೋಟ್ ಮೇಲ್ ಎಂಬ ರೈಲಿನಲ್ಲಿ ಹೊರಟವರು ಆ ದ್ವೀಪದ ತುದಿಯಲ್ಲಿದ್ದ ಈ ಪುಟ್ಟ ಊರಿನಲ್ಲಿ ಇಳಿದು, ಹಡಗಿನಲ್ಲಿ ಸಮುದ್ರ ದಾಟಿ, ಸಿಲೋನಿನ ತಲೈಮನ್ನಾರಿನಿಂದ ಮತ್ತೆ ರೈಲು ಹಿಡಿದು ಕೊಲಂಬೊ ತಲುಪುತ್ತಿದ್ದರು.

1964ರ ಡಿಸೆಂಬರ್ 22ರ ರಾತ್ರಿ ಅಪ್ಪಳಿಸಿದ ಚಂಡಮಾರುತದಲ್ಲಿ, ಪಾಂಬನ್‌ನಿಂದ ಬರುತ್ತಿದ್ದ ಪ್ಯಾಸೆಂಜರ್ ರೈಲು ನಿಲ್ದಾಣದ ಸಮೀಪದಲ್ಲೇ ಅಲೆಗಳಿಗೆ ಸಿಲುಕಿ, ಅದರಲ್ಲಿದ್ದ ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಈ ನಿಲ್ದಾಣದ ಚರಿತ್ರೆಯಲ್ಲಿ ಮರೆಯಬಾರದ ಸಂಗತಿ ಇದೇ.

ಹಾನಿಗೊಂಡ ಪಾಂಬನ್ ಸೇತುವೆಯನ್ನು, ಮುಂದೆ ನಮ್ಮ ಕರಾವಳಿಗೆ ಕೊಂಕಣ ರೈಲ್ವೆಯನ್ನು ತಂದ ಇ. ಶ್ರೀಧರನ್ ಅವರ ನೇತೃತ್ವದಲ್ಲಿ 46 ದಿನಗಳಲ್ಲಿ ದುರಸ್ತಿ ಮಾಡಲಾಯಿತು. ಆದರೆ ಧನುಷ್ಕೋಡಿಯು ವಾಸಕ್ಕೆ ಯೋಗ್ಯವಲ್ಲವೆಂದು ಸರ್ಕಾರ ಘೋಷಿಸಿದ್ದರಿಂದ ಅಲ್ಲಿನ ಹಳಿಯನ್ನು ಮತ್ತೆ ಹಾಕಲಿಲ್ಲ. ತಲೈಮನ್ನಾರಿನ ಹಡಗು ಆ ಬಳಿಕ ರಾಮೇಶ್ವರದಿಂದಲೇ ಹೊರಡತೊಡಗಿತು.