ಸಂಪಾದಕರ ಉತ್ತರ: ‘ಒಬ್ಬಳಿಗಾಗಿ ಇಷ್ಟೆಲ್ಲ ಏಕೆ’ ಎಂದವರಿಗೆ

ಪತ್ರದ ಸಾರ: ಪೆರ್ಲದ ಸಮೀಪ ನಾವೊಂದು ಕನ್ನಡ ವಾಚನಾಲಯ ನಡೆಸುತ್ತಿದ್ದೇವೆ. ಈಚೆಗೆ ಜಾಲತಾಣ ಮಾಡಿಸಿ ಹಳೆಯ ಸ್ಮರಣ ಸಂಚಿಕೆಗಳು, ಕಾರ್ಯಕ್ರಮಗಳ ಆಮಂತ್ರಣ, ತಾಳಮದ್ದಳೆಯ ಧ್ವನಿಮುದ್ರಣಗಳನ್ನು ಹಾಕಿದ್ದೇವೆ. ಊರಿನ ಕಣ್ಣು ಕಾಣದ ಯುವತಿಯೊಬ್ಬಳು, ತನ್ನ ಮೊಬೈಲ್ ಇದರಲ್ಲಿ ಏನನ್ನೂ ಸರಿಯಾಗಿ ಓದಿ ಹೇಳುವುದಿಲ್ಲ ಎಂದಳು. ಸಮಿತಿಯಲ್ಲಿ ವಿಷಯ ಇಟ್ಟಾಗ ‘ಒಬ್ಬಳಿಗಾಗಿ ಇಷ್ಟೆಲ್ಲ ಏಕೆ, ಖರ್ಚು ಯಾರದು’ ಎಂಬ ಮಾತು ಬಂತು. ಹಳೆಯ ಲೇಖನಗಳನ್ನು ಬೇರೆ ರೂಪಕ್ಕೆ ತರಲು ಲೇಖಕರ ಒಪ್ಪಿಗೆ ಬೇಡವೇ ಎಂದೂ ಕೇಳಿದರು. ನಾವು ಏನು ಮಾಡಬೇಕು?

ಮಾನ್ಯ ಕಾರ್ಯದರ್ಶಿಗಳೇ,

ಬದಲಿಸಬೇಕು. ಒಬ್ಬಳಿಗಾಗಿಯೇ ಆದರೂ ಬದಲಿಸಬೇಕು.

ಬೇರೆ ಯಾರು ಕೇಳಿದರೂ ಕಾಸರಗೋಡಿನ ಕನ್ನಡಿಗರು ಈ ಪ್ರಶ್ನೆ ಕೇಳಬಾರದು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರ ನಂತರ ನಮಗೆ ಎದುರಾಗುತ್ತಲೇ ಇರುವ ಪ್ರಶ್ನೆ ಇದು. ಇಷ್ಟು ಕಡಿಮೆ ಜನರಿಗಾಗಿ ಕನ್ನಡದಲ್ಲಿ ನಮೂನೆ ಅಚ್ಚು ಹಾಕಿಸಬೇಕೇ, ಸುತ್ತೋಲೆ ಅನುವಾದಿಸಬೇಕೇ, ಕನ್ನಡ ಬಲ್ಲ ಗುಮಾಸ್ತರನ್ನು ನೇಮಿಸಬೇಕೇ? 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯನ್ನು ತೋರಿಸಿ, ಇದು ಹಕ್ಕು, ದಯೆಯಲ್ಲ ಎಂದು ನಾವು ವಾದಿಸುತ್ತ ಬಂದಿದ್ದೇವೆ. ಮಲಯಾಳದಲ್ಲಷ್ಟೇ ಇರುವ ನೋಟಿಸನ್ನು ಹಿಡಿದುಕೊಂಡು, ಓದಿ ಹೇಳುವವರಿಗಾಗಿ ಕಚೇರಿಯ ಜಗಲಿಯಲ್ಲಿ ಕಾದ ಹಿರಿಯರು ನಮ್ಮ ಪ್ರತಿ ಮನೆಯಲ್ಲೂ ಇದ್ದಾರೆ. ಆ ಯುವತಿ ನಿಮ್ಮ ಜಾಲತಾಣದ ಮುಂದೆ ಅದೇ ಸ್ಥಿತಿಯಲ್ಲಿದ್ದಾಳೆ, ಅದೂ ತನ್ನದೇ ಭಾಷೆಯ ವಾಚನಾಲಯದ ಮುಂದೆ.

ಒಬ್ಬಳು ಎಂಬ ಲೆಕ್ಕವೂ ಸರಿಯಲ್ಲ. ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದು ಜನರನ್ನು ನರಳಿಸಿದ ಪಂಚಾಯತ್‌ಗಳಲ್ಲಿ ನಿಮ್ಮ ಎಣ್ಮಕಜೆಯೂ ಒಂದು. ಕೈಬೆರಳು ಹಿಡಿತಕ್ಕೆ ಬಾರದವರು, ಕಿವಿ ಕೇಳದವರು, ಓದಿದ್ದು ನಿಧಾನವಾಗಿ ಮನಸ್ಸಿಗೆ ಇಳಿಯುವವರು ನಿಮ್ಮ ಸುತ್ತಲೇ ಇದ್ದಾರೆ. ಆಕೆ ಬಂದು ಹೇಳಿದಳು, ಉಳಿದವರು ಹೇಳಲಿಲ್ಲ, ಅಷ್ಟೇ.

ಸ್ಮರಣ ಸಂಚಿಕೆಗಳ ವಿಚಾರ ಮೊದಲು ನೋಡೋಣ, ನಿಮ್ಮ ಜಾಲತಾಣದ ನಿಜವಾದ ಸಂಪತ್ತು ಅವೇ. ಕಣ್ಣು ಕಾಣದವರು ಬಳಸುವ, ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಅಕ್ಷರದ ಆಕಾರವನ್ನು ನೋಡುವುದಿಲ್ಲ, ಅದರ ಹಿಂದಿರುವ ಸಂಕೇತವನ್ನು ಓದುತ್ತದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಏಕರೂಪದ ಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತವಿದೆ. ಆದರೆ ನಮ್ಮ ಮುದ್ರಣಾಲಯಗಳಲ್ಲಿ ಬಹುಕಾಲ ನಡೆದದ್ದು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳ ಕಾರುಬಾರು. ಅಲ್ಲಿ ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಲಾಗಿದೆ. ನಮ್ಮ ಕಣ್ಣಿಗೆ ಅದು ಕನ್ನಡ, ಯಂತ್ರಕ್ಕೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಆಕೆಯ ಕಿವಿಗೆ ಬೀಳುವುದೂ ಆ ರಾಶಿಯೇ. ಇನ್ನು ಪುಟಗಳನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿದ್ದರೆ ಅದು ಬರೀ ಫೋಟೋ. ಅದರಲ್ಲಿ ಓದುವುದಕ್ಕೆ ಅಕ್ಷರವೇ ಇಲ್ಲ.

ಎರಡಕ್ಕೂ ದಾರಿಯಿದೆ. ಹಳೆಯ ಕಡತ ಸಿಕ್ಕಿದರೆ ಪರಿವರ್ತಕಗಳ ಮೂಲಕ ಯೂನಿಕೋಡ್‌ಗೆ ತರಬಹುದು. ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಜಾಗ ತಪ್ಪುತ್ತವೆ, ಒಮ್ಮೆ ಕೂತು ತಿದ್ದಬೇಕು. ಸ್ಕ್ಯಾನ್ ಮಾತ್ರ ಇದ್ದರೆ, ಚಿತ್ರದಿಂದ ಅಕ್ಷರಗಳನ್ನು ಗುರುತಿಸಿ ಕೊಡುವ ಟೆಸೆರಾಕ್ಟ್ ಎಂಬ ತಂತ್ರಾಂಶ ಉಚಿತವಾಗಿದೆ, ಅದಕ್ಕೆ ಕನ್ನಡವೂ ಬರುತ್ತದೆ. ಕರಡು ತಿದ್ದುವ ಕೆಲಸ ಇಲ್ಲಿ ಹೆಚ್ಚು. ಹತ್ತಿರದ ಕಾಲೇಜಿನ ಎನ್‌ಎಸ್‌ಎಸ್ ವಿದ್ಯಾರ್ಥಿಗಳಿಗೆ ಒಂದೊಂದು ಲೇಖನ ಹಂಚಿಕೊಡಿ. ಇದಕ್ಕೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ತಾಳ್ಮೆ.

ಲೇಖಕರ ಒಪ್ಪಿಗೆಯ ಪ್ರಶ್ನೆಗೆ ಉತ್ತರ 2012ರ ಕೃತಿಸ್ವಾಮ್ಯ ತಿದ್ದುಪಡಿಯಲ್ಲಿದೆ. ಲಾಭದ ಉದ್ದೇಶವಿಲ್ಲದೆ, ಅಂಗವಿಕಲರು ಓದಬಲ್ಲ ರೂಪಕ್ಕೆ ಕೃತಿಯನ್ನು ತಂದು ಅವರಿಗೆ ಒದಗಿಸುವುದನ್ನು ಅದು ಉಲ್ಲಂಘನೆ ಎನ್ನುವುದಿಲ್ಲ. ದೃಷ್ಟಿದೋಷವುಳ್ಳವರಿಗೆ ಪುಸ್ತಕ ಸಿಗುವಂತೆ ಮಾಡುವ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು. ಆದರೆ ಆಕೆಗೆ ಕೊಡುವುದು ಬೇರೆ, ಎಲ್ಲರೂ ಓದಲೆಂದು ಜಾಲತಾಣದಲ್ಲಿ ಹಾಕುವುದು ಬೇರೆ. ಎರಡನೆಯದಕ್ಕೆ ಲೇಖಕರನ್ನೋ ಅವರ ಮನೆಯವರನ್ನೋ ಕೇಳಿಯೇ ಮುಂದುವರಿಯಿರಿ.

ಆಮಂತ್ರಣದ ಕೆಲಸ ಸುಲಭ. ಬಣ್ಣಬಣ್ಣದ ಚಿತ್ರವನ್ನು ಹಾಕಿ, ಅದರ ಕೆಳಗೆ ದಿನ, ಹೊತ್ತು, ಸ್ಥಳ, ಅತಿಥಿಗಳ ಹೆಸರನ್ನು ಅಕ್ಷರಗಳಲ್ಲಿ ಟೈಪ್ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಾಗಲೂ ಹಾಗೆಯೇ ಮಾಡಿ.

ನಮ್ಮ ಗಡಿಯ ಪುಟಗಳಿಗೇ ಇರುವ ತೊಡಕೊಂದನ್ನು ಜಾಲತಾಣ ಮಾಡಿಕೊಟ್ಟವರಿಗೆ ತಪ್ಪದೆ ಹೇಳಿ. ನಿಮ್ಮ ಪುಟಗಳಲ್ಲಿ ಕನ್ನಡವೂ ಇದೆ, ಪಂಚಾಯತ್ ಪ್ರಕಟಣೆಗಳ ಮಲಯಾಳವೂ ಇದೆ. ಯಾವ ಭಾಗ ಯಾವ ಭಾಷೆಯದು ಎಂದು ಪುಟದ ಒಳಗಿನ ಬರವಣಿಗೆಯಲ್ಲಿ ಗುರುತು ಹಾಕದಿದ್ದರೆ ಸ್ಕ್ರೀನ್ ರೀಡರ್ ತಪ್ಪು ಧ್ವನಿಯಲ್ಲಿ ಓದಲು ಹೊರಡಬಹುದು. ಕಣ್ಣಿಗೆ ಕಾಣದ ಆ ಗುರುತು ಒಂದೇ ಸಾಲಿನ ಕೆಲಸ. ಶೀರ್ಷಿಕೆಗಳೂ ಹಾಗೆಯೇ. ದಪ್ಪಕ್ಷರ ಮಾಡಿದರೆ ಸಾಲದು, ಶೀರ್ಷಿಕೆ ಎಂದೇ ಗುರುತಿಸಬೇಕು. ಕೇಳಿ ಓದುವವರು ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಾರುತ್ತ ತಮಗೆ ಬೇಕಾದದ್ದನ್ನು ಹುಡುಕುತ್ತಾರೆ. ಪುಟದ ತುಂಬ ‘ಇಲ್ಲಿ ಒತ್ತಿ’ ಎಂದೇ ಇದ್ದರೆ ಯಾವುದು ಎಲ್ಲಿಗೆ ಒಯ್ಯುತ್ತದೆ ಎಂದು ಅವರಿಗೆ ತಿಳಿಯುವುದಿಲ್ಲ. ಮೌಸ್ ಮುಟ್ಟದೆ ಕೀಲಿಮಣೆಯಿಂದಲೇ ಇಡೀ ಜಾಲತಾಣ ಸುತ್ತಲು ಬರುತ್ತದೆಯೇ ಎಂದೂ ನೋಡಿ. ಕೈ ನಡುಗುವವರಿಗೆ ಅದು ಬೇಕು.

ಬಣ್ಣದ ಬಗ್ಗೆಯೂ ಹೇಳಲೇಬೇಕು. ಅರಿಶಿನ ಕುಂಕುಮದ ಮೇಲಿನ ನಮ್ಮ ಪ್ರೀತಿ ಸಹಜ. ಆದರೆ ಜಾಲತಾಣಗಳು ಎಲ್ಲರಿಗೂ ನಿಲುಕುವಂತೆ ಮಾಡುವ ಜಾಗತಿಕ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಬೆಳಕಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕು. ಅಪ್ಪಟ ಕೆಂಪಿನ ಮೇಲೆ ಅಪ್ಪಟ ಹಳದಿ ಅಕ್ಷರ ಬರೆದರೆ ಅದು ಸುಮಾರು 3.7 ಮಾತ್ರ. ದೊಡ್ಡ ಶೀರ್ಷಿಕೆಗೆ ನಡೆದೀತು, ಸಣ್ಣ ಅಕ್ಷರಗಳಿಗೆ ಸಾಲದು. ಕೆಂಪನ್ನು ಗಾಢ ಮಾಡಿದರೆ ಸಾಕು, ಮಂದದೃಷ್ಟಿಯವರಿಗೂ ಓದಲು ಬರುತ್ತದೆ, ಬಣ್ಣಗಳೂ ಉಳಿಯುತ್ತವೆ. ಬಿಳಿಯ ಮೇಲೆ ಹಳದಿಯನ್ನು ಮಾತ್ರ ಎಂದಿಗೂ ಬರೆಯಬೇಡಿ.

ತಾಳಮದ್ದಳೆಯ ವಿಚಾರಕ್ಕೆ ಬಂದಾಗ ನನಗೆ ಬೇರೊಂದು ಚಿಂತೆ ಹುಟ್ಟುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಎಲ್ಲವೂ ಮಾತು ಮತ್ತು ಹಾಡು. ಆ ಯುವತಿಗೆ ಅದು ಏನೂ ಕಡಿಮೆಯಾಗದೆ ಪೂರ್ತಿಯಾಗಿ ದಕ್ಕುತ್ತದೆ. ಕಿವಿ ಕೇಳದವನಿಗೆ ಒಂದಕ್ಷರವೂ ದಕ್ಕುವುದಿಲ್ಲ. ಸಂವಾದವನ್ನು ಬರೆದು ಹಾಕಿದರೆ ಮಾತ್ರ ಆತನಿಗೂ ಕೃಷ್ಣ ಸಂಧಾನದ ವಾದ ಪ್ರತಿವಾದಗಳು ಸಿಗುತ್ತವೆ. ಅರ್ಥಗಾರಿಕೆಯ ಓಟ, ನಡುವೆ ಬರುವ ಹಳೆಯ ಪದ್ಯಗಳು ಯಂತ್ರಕ್ಕೆ ಬಿಟ್ಟು ಕೂರುವಂಥವಲ್ಲ, ಪ್ರಸಂಗ ಬಲ್ಲವರೇ ಕೂತು ಬರೆಯಬೇಕು. ನಿಮ್ಮ ಭಾಗದಲ್ಲಿ ಅಂಥವರಿಗೆ ಕೊರತೆಯಿಲ್ಲ. ಒಂದೇ ಒಂದು ಪ್ರಸಂಗದಿಂದ ಆರಂಭಿಸಿ.

ಕಾನೂನೂ ನಿಮ್ಮ ಬೆನ್ನಿಗಿದೆ. ಮಾಹಿತಿ ಅಂಗವಿಕಲರಿಗೂ ನಿಲುಕುವ ರೂಪದಲ್ಲಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಈ ವಿಷಯದ ನಿಯಮಗಳು ಬರಿಯ ಶಿಫಾರಸಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಕೇಂದ್ರಕ್ಕೆ ತಾಕೀತು ಮಾಡಿತು. ಆಸಿಡ್ ದಾಳಿಗೆ ತುತ್ತಾದವರು ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಲಾಗದೆ, ಗ್ರಾಹಕರ ಗುರುತು ಖಚಿತಪಡಿಸುವ ಕೆವೈಸಿ ಮುಗಿಸಲಾರದೆ ಹೋದ ಪ್ರಕರಣ ಅದರ ಮುಂದೆ ಬಂತು. 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟ ನ್ಯಾಯಾಲಯ, ಡಿಜಿಟಲ್ ಸೇವೆಗಳು ಕೈಗೆ ಸಿಗುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. ಇದನ್ನು ಸಮಿತಿಯಲ್ಲಿ ಓದಿ ಹೇಳಿ.

ಕೆಲಸ ಮುಗಿಯಿತೋ ಇಲ್ಲವೋ ಎಂದು ತಿಳಿಯಲು ವಾಚನಾಲಯದ ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಹಾಕಿಕೊಳ್ಳಿ. ಅದು ಉಚಿತ, ಕನ್ನಡ ಓದುತ್ತದೆ. ಪರದೆಯನ್ನು ಆರಿಸಿ ನಿಮ್ಮದೇ ಪುಟವನ್ನು ಕೇಳಿ. ಆದರೂ ಕೊನೆಯ ತೀರ್ಮಾನ ಆಕೆಯದಾಗಲಿ. ಜಾಲತಾಣ ಮಾಡಿದವರಿಗೆ ಹಣ ಕೊಟ್ಟಂತೆ, ಅದನ್ನು ಪರೀಕ್ಷಿಸಿ ಕೊಡುವ ಆಕೆಗೂ ಗೌರವಧನ ಕೊಡಿ. ಆಕೆ ವಾಚನಾಲಯದ ಸದಸ್ಯಳೇ ಎಂದು ನೀವು ಬರೆದಿಲ್ಲ. ಅಲ್ಲವಾದರೆ ಮೊದಲು ಸದಸ್ಯತ್ವ ಕೊಡಿ, ಈ ವಿಷಯ ಮತ್ತೆ ಸಮಿತಿಯ ಮುಂದೆ ಬರುವ ದಿನ ಆಕೆಯನ್ನೂ ಕರೆದು ಕೂರಿಸಿಕೊಳ್ಳಿ.

– ಸಂಪಾದಕ