ಹೊಸ ಕ್ವಾರ್ಟರ್‌ಬ್ಯಾಕ್‌ನನ್ನು ಮೊದಲ ವರ್ಷವೇ ಆಡಿಸಬೇಕೇ, ಹಿರಿಯರ ಹಿಂದೆ ಕೂರಿಸಬೇಕೇ?

ಅಮೆರಿಕನ್ ಫುಟ್‌ಬಾಲ್ ನೋಡುವವರ ಮನೆಗಳಲ್ಲಿ ಪ್ರತಿ ಏಪ್ರಿಲ್‌ನಲ್ಲಿ, ಡ್ರಾಫ್ಟ್ (ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯಕ್ರಮ) ಮುಗಿಯುತ್ತಿದ್ದಂತೆ ಶುರುವಾಗುವ ಜಗಳವನ್ನೇ ನೀವು ಇಲ್ಲಿ ಕೇಳಿದ್ದೀರಿ. ಕಾಲೇಜಿನಿಂದ ಬಂದ ಕ್ವಾರ್ಟರ್‌ಬ್ಯಾಕ್‌ನನ್ನು, ಅಂದರೆ ಚೆಂಡು ಎಸೆದು ತಂಡದ ಆಕ್ರಮಣ ನಡೆಸುವ ಹುಡುಗನನ್ನು, ನೇರವಾಗಿ ಕಣಕ್ಕೆ ಇಳಿಸಬೇಕೇ, ಒಂದೆರಡು ವರ್ಷ ಬ್ಯಾಕಪ್ ಆಗಿ ಇಟ್ಟುಕೊಂಡು ಕಲಿಸಬೇಕೇ? ಹಿರಿಯರ ಹಿಂದೆ ಕೂತು ಆಮೇಲೆ ಮಿಂಚಿದ ಆರನ್ ರಾಡ್ಜರ್ಸ್ ಮತ್ತು ಪ್ಯಾಟ್ರಿಕ್ ಮಹೋಮ್ಸ್ ಅವರ ಹೆಸರು ಮುಂದಿಟ್ಟು, ಕಾಯಿಸುವುದೇ ಜಾಣತನವಲ್ಲವೇ ಎಂದೂ ಸೇರಿಸಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಹುಡುಗನನ್ನು ಕೂರಿಸುವಷ್ಟು ಅನುಕೂಲವಿದ್ದ ತಂಡಗಳ ಕೈಗೆ ಆ ಇಬ್ಬರೂ ಸಿಕ್ಕಿದರು. ಅವರ ಏಳಿಗೆಯಲ್ಲಿ ಬೆಂಚಿನಲ್ಲಿ ಕೂತದ್ದಕ್ಕಿಂತ ಆ ಅನುಕೂಲದ ಪಾಲೇ ದೊಡ್ಡದು.

ಡ್ರಾಫ್ಟಿನ ಕ್ರಮ ನೋಡಿದರೆ ಇದು ತಿಳಿಯುತ್ತದೆ. ಹಿಂದಿನ ವರ್ಷ ಅತ್ಯಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಆಯ್ಕೆ, ಗೆದ್ದವರಿಗೆ ಕೊನೆಯ ಆಯ್ಕೆ. ಹಾಗಾಗಿ ಎಲ್ಲರಿಗಿಂತ ಹೆಚ್ಚು ಭರವಸೆ ಹುಟ್ಟಿಸಿದ ಹುಡುಗ ಸಾಮಾನ್ಯವಾಗಿ ಹೋಗುವುದು ಎಲ್ಲರಿಗಿಂತ ಹಾಳಾದ ಮನೆಗೆ. ಅಲ್ಲಿ ಅವನನ್ನು ಕಾಯಿಸಲು ಹಿರಿಯನೂ ಇರುವುದಿಲ್ಲ, ಅಭಿಮಾನಿಗಳಿಗೆ ತಾಳ್ಮೆಯೂ ಇರುವುದಿಲ್ಲ. ಕೂತು ಕಲಿತವರನ್ನೂ ಬೇಗ ಆಡಿದವರನ್ನೂ ಹೋಲಿಸುತ್ತೇವೆ ಅಂದುಕೊಂಡು ನಾವು ಹೋಲಿಸುತ್ತಿರುವುದು ಒಳ್ಳೆಯ ತಂಡಗಳನ್ನೂ ಕೆಟ್ಟ ತಂಡಗಳನ್ನೂ.

2005ರ ಡ್ರಾಫ್ಟನ್ನೇ ತೆಗೆದುಕೊಳ್ಳಿ. ಮೊದಲನೆಯವರಾಗಿ ಸ್ಯಾನ್ ಫ್ರಾನ್ಸಿಸ್ಕೋ ಸೇರಿದವರು ಅಲೆಕ್ಸ್ ಸ್ಮಿತ್. ಅದೇ ದಿನ ಗಂಟೆಗಟ್ಟಲೆ ಕಾದು 24ನೆಯವರಾಗಿ ಗ್ರೀನ್ ಬೇ ಸೇರಿದವರು ರಾಡ್ಜರ್ಸ್. ಸ್ಮಿತ್ ಮೊದಲ ವರ್ಷವೇ ಆಡಿದರು: ಒಂದು ಟಚ್‌ಡೌನ್ ಪಾಸ್ (ಅಂಕ ತರುವ ಎಸೆತ), 11 ಇಂಟರ್‌ಸೆಪ್ಷನ್ (ಎದುರಾಳಿಯ ಕೈ ಸೇರಿದ ಎಸೆತ). ಮೊದಲ ನಾಲ್ಕು ವರ್ಷಗಳಲ್ಲಿ ಆಕ್ರಮಣ ವಿಭಾಗಕ್ಕೆ ನಾಲ್ವರು ಬೇರೆ ಬೇರೆ ಮುಖ್ಯಸ್ಥರು ಬಂದರು. ಪ್ರತಿ ಸಲವೂ ಹೊಸ ಆಟದ ಪುಸ್ತಕ, ಹೊಸ ಪರಿಭಾಷೆ. ಇನ್ನೊಂದೆಡೆ ರಾಡ್ಜರ್ಸ್ ಮೂರು ಋತು ಹಿರಿಯ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್ ಅವರ ಹಿಂದೆ ಕೂತು, 2008ರಲ್ಲಿ ಆಟ ಕೈಗೆತ್ತಿಕೊಂಡು, 2011ರ ಫೆಬ್ರವರಿಯಲ್ಲಿ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದರು. ಇದರಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ಸ್ಮಿತ್ ಅವರಿಗೆ ಮೊದಲ ವರ್ಷ ಕಲಿಸಿದ ಮೈಕ್ ಮೆಕಾರ್ಥಿ ಮರುವರ್ಷವೇ ಗ್ರೀನ್ ಬೇಗೆ ಮುಖ್ಯ ತರಬೇತುದಾರರಾಗಿ ಹೋದರು. ರಾಡ್ಜರ್ಸ್ ಅವರನ್ನು ಪಳಗಿಸಿದ್ದು, ಕೊನೆಗೆ ಆ ಸೂಪರ್ ಬೌಲ್‌ವರೆಗೆ ಕರೆದೊಯ್ದದ್ದು ಅವರೇ. ಅಂದರೆ ಒಬ್ಬ ಹುಡುಗನಿಂದ ಕೈತಪ್ಪಿದ ಗುರು ಇನ್ನೊಬ್ಬನಿಗೆ ವರ್ಷಗಟ್ಟಲೆ ಸಿಕ್ಕರು. ಈ ಎರಡು ಕಥೆಗಳ ನಡುವಿನ ವ್ಯತ್ಯಾಸವನ್ನು ಬೆಂಚಿನ ಖಾತೆಗೆ ಮಾತ್ರ ಬರೆಯುವುದು ಹೇಗೆ? ಅಷ್ಟು ಕಾದ ಮೇಲೂ ರಾಡ್ಜರ್ಸ್ ಆಡಿದ ಮೊದಲ ಋತುವಿನಲ್ಲಿ ತಂಡ ಆರು ಗೆದ್ದು ಹತ್ತು ಸೋತಿತ್ತು ಎಂಬುದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ.

ಮುಂದೆ ಕ್ಯಾನ್ಸಸ್ ಸಿಟಿಯಲ್ಲಿ ಮಹೋಮ್ಸ್ ಕೂತದ್ದು ಇದೇ ಸ್ಮಿತ್ ಅವರ ಹಿಂದೆ. 2016ರಲ್ಲಿ 12 ಪಂದ್ಯ ಗೆದ್ದಿದ್ದ ಆ ತಂಡ, 2017ರ ಡ್ರಾಫ್ಟಿನಲ್ಲಿ 27ನೇ ಸ್ಥಾನದಿಂದ 10ಕ್ಕೆ ಏರಲು ಬಫಲೋಗೆ ಮುಂದಿನ ವರ್ಷದ ಮೊದಲ ಸುತ್ತಿನ ಆಯ್ಕೆಯನ್ನೂ ಕೊಟ್ಟು ಮಹೋಮ್ಸ್ ಅವರನ್ನು ತಂದಿತು. 2017ರಲ್ಲಿ ಸ್ಮಿತ್ ಅವರ ಪಾಸರ್ ರೇಟಿಂಗ್ (ಎಸೆತಗಳ ಗುಣಮಟ್ಟ ಅಳೆಯುವ ಅಂಕ) ಇಡೀ ಲೀಗ್‌ನಲ್ಲಿ ಮೊದಲನೆಯದು! ಹಾಗೆ ಆಡುತ್ತಿರುವವರನ್ನು ಯಾರು ತೆಗೆಯುತ್ತಾರೆ? ಮಹೋಮ್ಸ್ ಆ ವರ್ಷ ಆಡಿದ್ದು ಕೊನೆಯ ವಾರದ ಒಂದೇ ಪಂದ್ಯ, ಮರುವರ್ಷ 50 ಟಚ್‌ಡೌನ್ ಪಾಸ್. ಆಂಡಿ ರೀಡ್ ಅವರಂಥ ತರಬೇತುದಾರರ ಕೈಯಲ್ಲಿ ಅವರು ಮೊದಲ ದಿನವೇ ಆಡಿದ್ದರೂ ಕೆಡುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಸಾಬೀತು ಮಾಡಲು ದಾರಿಯಿಲ್ಲ, ಬಿಡಿ.

ಬೇಗ ಆಡಿ ಬೆಳೆದವರೂ ಕಡಿಮೆಯಿಲ್ಲ. 1998ರಲ್ಲಿ ಇಂಡಿಯಾನಾಪೊಲಿಸ್‌ಗೆ ಮೊದಲ ಆಯ್ಕೆಯಾಗಿ ಬಂದ ಪೇಟನ್ ಮ್ಯಾನಿಂಗ್ 16 ಪಂದ್ಯಗಳನ್ನೂ ಆಡಿ 28 ಇಂಟರ್‌ಸೆಪ್ಷನ್ ಎಸೆದರು. ಹೊಸಬರ ಪೈಕಿ ಅದು ದಾಖಲೆ. ಗೆದ್ದದ್ದು ಮೂರೇ ಪಂದ್ಯ; ಮರುವರ್ಷ 13. ಅವರೊಂದಿಗೇ ತಂಡಕ್ಕೆ ಬಂದ ಟಾಮ್ ಮೂರ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಆಕ್ರಮಣದ ಹೊಣೆ ಹೊತ್ತರು. ತಪ್ಪು ಮಾಡುವ ಸ್ವಾತಂತ್ರ್ಯ, ಮರುದಿನ ಅದೇ ತಪ್ಪನ್ನು ಅದೇ ಮನುಷ್ಯ ಕೂರಿಸಿಕೊಂಡು ತಿದ್ದುವ ಭಾಗ್ಯ, ಎರಡೂ ಮ್ಯಾನಿಂಗ್ ಅವರಿಗಿದ್ದವು.

ಇದರ ಎದುರಿಗೆ ಡೇವಿಡ್ ಕಾರ್. ನಾನು ಹ್ಯೂಸ್ಟನ್‌ನಲ್ಲಿ ನೆಲೆಸಿರುವುದರಿಂದ ಈ ಹೆಸರನ್ನು ಇಲ್ಲಿನ ಹಳಬರ ಬಾಯಲ್ಲಿ ಮತ್ತೆ ಮತ್ತೆ ಕೇಳಿದ್ದೇನೆ. 2002ರಲ್ಲಿ ಆಗತಾನೇ ಹುಟ್ಟಿದ ಹ್ಯೂಸ್ಟನ್ ಟೆಕ್ಸನ್ಸ್ ಅವರನ್ನು ಮೊದಲ ಆಯ್ಕೆಯಾಗಿ ತಂದು ಮೊದಲ ಪಂದ್ಯದಿಂದಲೇ ಆಡಿಸಿತು. ಆ ಪಂದ್ಯದಲ್ಲಿ ಡಲ್ಲಾಸ್ ತಂಡವನ್ನು ಸೋಲಿಸಿ ಊರೆಲ್ಲ ಕುಣಿಯಿತು. ಆದರೆ ಕ್ವಾರ್ಟರ್‌ಬ್ಯಾಕ್‌ನ ಬೆನ್ನು ಕಾಯಬೇಕಿದ್ದ ಎಡ ಟ್ಯಾಕಲ್ ಟೋನಿ ಬೊಸೆಲ್ಲಿ ಭುಜದ ಗಾಯದಿಂದಾಗಿ ಆ ತಂಡಕ್ಕೆ ಒಂದು ಪಂದ್ಯವನ್ನೂ ಆಡಲಿಲ್ಲ. ಚೆಂಡು ಕೈಯಲ್ಲಿರುವಾಗಲೇ ಎದುರಾಳಿಗಳು ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದಕ್ಕೆ ಸ್ಯಾಕ್ ಎನ್ನುತ್ತಾರೆ. ಆ ಋತುವಿನಲ್ಲಿ ಕಾರ್ 76 ಸಲ ಸ್ಯಾಕ್ ಆದರು. ಇಂದಿಗೂ ಅದೇ ದಾಖಲೆ. ಅಷ್ಟು ಪೆಟ್ಟು ತಿಂದವನು ಎಸೆತ ಹಿಡಿಯಲು ದೂರ ನಿಂತ ರಿಸೀವರ್‌ನನ್ನು ನೋಡುವುದು ಬಿಟ್ಟು ತನ್ನ ಮೇಲೆ ನುಗ್ಗುವವರನ್ನೇ ನೋಡತೊಡಗುತ್ತಾನೆ. ಆ ಅಭ್ಯಾಸ ಬಿಡಿಸುವುದು ಬಲು ಕಷ್ಟ. ಕಾರ್ ಅವರನ್ನು ಒಂದು ವರ್ಷ ಕೂರಿಸಿದ್ದರೆ? ಆ ಪೆಟ್ಟುಗಳು ಬೇರೊಬ್ಬರಿಗೆ ಬೀಳುತ್ತಿದ್ದವು, ಅಷ್ಟೆ. ಅದೂ ಒಂದು ಲಾಭವೇ. ನನ್ನ ದೃಷ್ಟಿಯಲ್ಲಿ ಬೆಂಚಿನ ನಿಜವಾದ ಉಪಯೋಗ ಇದು: ಕಲಿಸುವುದಕ್ಕಿಂತ ಕಾಪಾಡುವುದು.

ಏಕೆಂದರೆ ಬ್ಯಾಕಪ್ ಕಲಿಯುವುದು ನೀವು ಅಂದುಕೊಂಡಷ್ಟಿಲ್ಲ. ಋತು ನಡೆಯುವಾಗ ವಾರದ ಅಭ್ಯಾಸವೆಲ್ಲ ಬಹುಮಟ್ಟಿಗೆ ಮುಖ್ಯ ಆಟಗಾರನ ಪಾಲು. ಬ್ಯಾಕಪ್ ಮುಂದಿನ ವಾರದ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ವೇಷ ಕಟ್ಟಿ, ಕಾರ್ಡಿನಲ್ಲಿ ಬರೆದ ಎದುರಾಳಿಯ ಆಟವನ್ನು ತನ್ನದೇ ರಕ್ಷಣಾ ಪಡೆಯ ಮುಂದೆ ಆಡಿ ತೋರಿಸುತ್ತಾನೆ. 2011ರ ಕಾರ್ಮಿಕ ಒಪ್ಪಂದದ ನಂತರ ಪೂರ್ತಿ ಪ್ಯಾಡ್ ಕಟ್ಟಿಕೊಂಡು ಮಾಡುವ ಅಭ್ಯಾಸ ಇಡೀ ಋತುವಿಗೆ 14 ದಿನಕ್ಕೆ ಇಳಿಯಿತು. ಸಭೆಯಲ್ಲಿ ಕೂತು ವಿಡಿಯೊ ನೋಡಬಹುದು, ಹಿರಿಯ ಹೇಗೆ ವಾರ ಕಳೆಯುತ್ತಾನೆ ಎಂದು ಗಮನಿಸಬಹುದು. ಹೆಚ್ಚು ಕಡಿಮೆ ಮೂರು ಸೆಕೆಂಡಿನೊಳಗೆ ನಿರ್ಧರಿಸಿ ಎಸೆಯುವುದನ್ನು ನೋಡಿ ಕಲಿಯಲಾಗದು. ಟ್ರೇ ಲ್ಯಾನ್ಸ್ ಅವರ ಕಥೆ ಇದಕ್ಕೆ ಸಾಕ್ಷಿ. ಕಾಲೇಜಿನಲ್ಲೇ ಕಡಿಮೆ ಆಡಿದ್ದ ಅವರನ್ನು ಸ್ಯಾನ್ ಫ್ರಾನ್ಸಿಸ್ಕೋ 2021ರಲ್ಲಿ ಮೂರನೇ ಆಯ್ಕೆಯಾಗಿ ತಂದು ಬಹುಪಾಲು ಕೂರಿಸಿತು. ಮರುವರ್ಷ ಎರಡನೇ ಪಂದ್ಯದಲ್ಲೇ ಕಾಲಿನ ಗಿಣ್ಣು ಮುರಿಯಿತು. ಆ ವರ್ಷದ ಡ್ರಾಫ್ಟಿನ ಕಟ್ಟಕಡೆಯ ಆಯ್ಕೆಯಾದ, ಆದರೆ ಕಾಲೇಜಿನಲ್ಲಿ ನಾಲ್ಕು ವರ್ಷ ಆಡಿ ಪಳಗಿದ್ದ ಬ್ರಾಕ್ ಪರ್ಡಿ ಕೊನೆಗೆ ಲ್ಯಾನ್ಸ್ ಅವರ ಜಾಗ ಹಿಡಿದರು. ಅದೇ ತಂಡ, ಅದೇ ತರಬೇತುದಾರ.

ಹಣದ ಮಾತನ್ನೂ ಹೇಳಬೇಕು. ಮೊದಲ ಸುತ್ತಿನ ಹುಡುಗನ ಒಪ್ಪಂದ ನಾಲ್ಕು ವರ್ಷದ್ದು. ಐದನೆಯ ವರ್ಷ ಬೇಕೇ ಎಂದು ತಂಡ ಮೂರು ಋತು ಮುಗಿದ ಕೂಡಲೇ ಹೇಳಬೇಕು. ಗ್ರೀನ್ ಬೇ 2020ರಲ್ಲಿ ಜಾರ್ಡನ್ ಲವ್ ಅವರನ್ನು ತಂದು ಮೂರು ವರ್ಷ ರಾಡ್ಜರ್ಸ್ ಹಿಂದೆ ಕೂರಿಸಿದಾಗ, ಹೆಚ್ಚೇನೂ ಆಡಿ ತೋರಿಸದವರ ಬಗ್ಗೆ ನಿರ್ಧರಿಸಬೇಕಾಗಿ ಬಂದು, ಐದನೆಯ ವರ್ಷದ ಆ ಅವಕಾಶ ಬಿಟ್ಟು ಬೇರೆ ಚಿಕ್ಕ ಒಪ್ಪಂದ ಮಾಡಿಕೊಂಡಿತು. ಲವ್ ಚೆನ್ನಾಗಿಯೇ ಆಡಿದರು. ಆದರೂ ಎಲ್ಲ ತಂಡಗಳೂ ಹೀಗೆ ಮೂರು ವರ್ಷ ಕಳೆಯಲಾರವು.

ಇತ್ತೀಚಿನ ಜೋಡಿಯೊಂದನ್ನೂ ನೋಡಿ. 2023ರ ಮೊದಲ ಆಯ್ಕೆ ಬ್ರೈಸ್ ಯಂಗ್ ಕ್ಯಾರೊಲೈನಾಕ್ಕೆ, ಎರಡನೆಯವರು ಸಿ.ಜೆ. ಸ್ಟ್ರೌಡ್ ನಮ್ಮ ಹ್ಯೂಸ್ಟನ್‌ಗೆ. ಇಬ್ಬರೂ ಮೊದಲ ವಾರದಿಂದ ಆಡಿದರು. ಸ್ಟ್ರೌಡ್ 23 ಟಚ್‌ಡೌನ್, 5 ಇಂಟರ್‌ಸೆಪ್ಷನ್ ಮಾಡಿ ತಂಡವನ್ನು ಋತುವಿನ ಕೊನೆಯ ನಾಕೌಟ್ ಹಂತವಾದ ಪ್ಲೇಆಫ್‌ಗೆ ಒಯ್ದರು. ಯಂಗ್ ಅವರ ತಂಡ ಗೆದ್ದದ್ದು ಎರಡೇ ಪಂದ್ಯ; ಋತುವಿನ ನಡುವೆಯೇ ತರಬೇತುದಾರರ ಕೆಲಸ ಹೋಯಿತು. 2024ರಲ್ಲಿ ಕ್ಯಾರೊಲೈನಾ ಎರಡು ಪಂದ್ಯಗಳ ನಂತರ ಯಂಗ್ ಅವರನ್ನು ಕೂರಿಸಿತು. ಕೆಲ ವಾರಗಳ ನಂತರ ಮರಳಿದ ಅವರು ಗುರುತು ಸಿಗದಷ್ಟು ಸುಧಾರಿಸಿದ್ದರು. ಬೆಂಚೇ ಅವರನ್ನು ತಿದ್ದಿತು ಎಂದು ಬಹಳ ಜನ ಬರೆದರು. ಆದರೆ ಆ ವರ್ಷದ ಆರಂಭದಲ್ಲಿ ತಂಡ ಅವರ ಮುಂದೆ ನಿಲ್ಲಿಸಲು ರಾಬರ್ಟ್ ಹಂಟ್ ಮತ್ತು ಡೇಮಿಯನ್ ಲೂಯಿಸ್ ಎಂಬ ಇಬ್ಬರು ಗಾರ್ಡ್‌ಗಳನ್ನು, ಅಂದರೆ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಐವರ ಸಾಲಿನ (ಲೈನ್‌ನ) ಆಟಗಾರರನ್ನು, ತಂದಿತ್ತು. ಹಂಟ್ ಅವರೊಬ್ಬರ ಒಪ್ಪಂದವೇ 10 ಕೋಟಿ ಡಾಲರಿನದು. ಅದೇ ವರ್ಷ ಹ್ಯೂಸ್ಟನ್‌ನ ಲೈನ್ ಕುಸಿದು ಸ್ಟ್ರೌಡ್ 52 ಸಲ ಸ್ಯಾಕ್ ಆದರು, ಅವರ ಆಟವೂ ಮಂಕಾಯಿತು.

ಆದ್ದರಿಂದ ನಿಮ್ಮ ಮೆಚ್ಚಿನ ತಂಡ ಹೊಸ ಹುಡುಗನನ್ನು ತಂದರೆ, ಅವನ ಮುಂದೆ ನಿಲ್ಲುವ ಐವರು ಯಾರು, ತರಬೇತುದಾರ ಮುಂದಿನ ವರ್ಷವೂ ಇರುತ್ತಾರೆಯೇ ಎಂದು ನೋಡಿ. ಎರಡೂ ಸರಿಯಿದ್ದರೆ ಋತುವಿನ ಮೊದಲ ಭಾನುವಾರವೇ ಅವನನ್ನು ಇಳಿಸಲಿ. ಇಲ್ಲದಿದ್ದರೆ ಪೆಟ್ಟು ತಿನ್ನಲು ಸಿದ್ಧನಿರುವ ಹಿರಿಯನೊಬ್ಬನನ್ನು ಒಂದು ವರ್ಷಕ್ಕೆ ಗೊತ್ತುಮಾಡಿ, ಉಳಿದ ಹಣವನ್ನೆಲ್ಲ ಲೈನ್‌ಗೆ ಸುರಿಯಲಿ.